ಲೋಹದ ಹಂಗಿಲ್ಲದ ನೀಲಿ

ಜನವರಿ ೬

ಇಂದು ಸಂಶೋಧನಾಲಯದ ಬೀಗದ ಕೈಯನ್ನು ಕಚೇರಿಗೆ ಒಪ್ಪಿಸಿ, ಸಹಿ ಹಾಕಿ, ಹೊರಬಂದೆ. ನಿವೃತ್ತಿಗೆ ಇನ್ನೂ ಅವಧಿಯಿದ್ದರೂ ತಾನಾಗಿ ಬಿಟ್ಟುಬಂದವಳನ್ನು ದ್ವಾರಪಾಲಕನು ಒಂದು ಬಗೆಯ ಕನಿಕರದಿಂದ ನೋಡಿದನು. ರಸಾಯನಶಾಸ್ತ್ರವೆಂಬ ವ್ರತದಲ್ಲಿ ಕೂದಲು ನರೆತವಳು ಈ ವಯಸ್ಸಿನಲ್ಲಿ ಪೇಟೆಗಿಳಿಯುತ್ತಿರುವಳೆಂದರೆ ನೋಡುವವರಿಗೆ ಹಾಗೆ ತೋರುವುದು ಸಹಜವೇ ಸರಿ.

ಪೇಟೆಗಿಳಿಯಲು ಕಾರಣವಾದುದು ಒಂದು ಬಿಳಿಯ ಪುಡಿ. ಎರಡು ದ್ರಾವಣಗಳನ್ನು ಕೂಡಿಸಿ, ಕಲಕುತ್ತ ಕಾಯಿಸಿದರೆ ಅದು ದೊರೆಯುತ್ತದೆ. ಕಾಗದಕ್ಕೆ ಬಳಿದಾಗ ತಂಪಿನಲ್ಲಿರುವಷ್ಟು ಕಾಲ ಬೆಳ್ಳಗೇ ಇದ್ದು, ಸೆಕೆಯಲ್ಲಿ ಬಹಳ ಹೊತ್ತು ಕಳೆದರೆ ನೀಲಿಗೆ ತಿರುಗುತ್ತದೆ. ತಂಪಿನಲ್ಲಿಯೇ ಇಡಬೇಕಾದ ಔಷಧಿಯ ಸೀಸೆಗೆ ಈ ಕಾಗದದ ಚೀಟಿಯನ್ನು ಅಂಟಿಸಿದರೆ, ಮದ್ದು ದಾರಿಯಲ್ಲಿ ಎಲ್ಲಾದರೂ ಕಾದು ಕೆಟ್ಟಿತೋ ಇಲ್ಲವೋ ಎಂಬುದು ಕಣ್ಣಿಗೇ ತಿಳಿಯುತ್ತದೆ. ಇಂಥ ಕೂಡಿಕೆಗೆ ಲೋಕದಲ್ಲೆಲ್ಲ ಪಲ್ಲೇಡಿಯಂ ಎಂಬ ದುಬಾರಿ ಲೋಹವನ್ನು ವೇಗವರ್ಧಕವಾಗಿ ಬೆರೆಸುತ್ತಾರೆ. ಅದರ ಹಂಗಿಲ್ಲದೆಯೇ ಆಗುತ್ತದೆಂದು ತೋರಿಸಿದವಳು ನಾನು. ನನ್ನ ಹೆಸರನ್ನು ನಾಲ್ಕು ಜನ ಬಲ್ಲರೆಂದರೆ ಆ ಒಂದು ಪ್ರಬಂಧದಿಂದ.

ಮನೆಯವರು ಬಾಗಿಲಲ್ಲಿಯೇ ನಿಂತಿದ್ದರು. ಗಣಿತದ ಮೇಷ್ಟರಾಗಿ ನಿವೃತ್ತರಾದ ಮೇಲೆ ತರ್ಲೆಯೊಂದೇ ಅವರ ವೃತ್ತಿ.

"ನಾಳೆಯಿಂದ ವಿಜ್ಞಾನಿ ಅನ್ಬೇಕೋ, ಸಾಹುಕಾರ್ತಿ ಅನ್ಬೇಕೋ?"

"ಮೊದಲು ಚಹಾ ಕೊಡಿ. ಆಮೇಲೆ ಏನ್ ಬೇಕಾದ್ರೂ ಅನ್ನಿ."

ಭಗವಂತ, ಇಷ್ಟೊಂದು ಕೈಗಳಿರುವ ಲೋಕದಲ್ಲಿ ಈ ಬೆಳಕನ್ನು ನನ್ನೊಬ್ಬಳ ಕೈಯಲ್ಲಿ ಇರಿಸಿದೆ. ನಾನು ಕೃತಜ್ಞಳು.

ಜನವರಿ ೧೧

ಬಾಡಿಗೆಗೆ ದೊರೆತ ಕೋಣೆ ಹಿಂದೆ ಕೇಶಾಲಂಕಾರದ ಅಂಗಡಿಯಾಗಿತ್ತಂತೆ. ಎರಡು ಗೋಡೆಗಳ ತುಂಬ ಕನ್ನಡಿ. ಕತ್ತು ಒರಗಿಸಲು ತೋಡಿದ ಅಂಚಿನ ಮೂರು ತೊಟ್ಟಿಗಳು. ಗಾಜಿನ ಪಾತ್ರೆ ತೊಳೆಯುವುದಕ್ಕೆ ಇದಕ್ಕಿಂತ ಉತ್ತಮವಾದ ಏರ್ಪಾಡನ್ನು ಯಾವ ಸಂಶೋಧನಾಲಯದಲ್ಲಿಯೂ ನಾನು ಕಂಡಿಲ್ಲ.

"ಕನ್ನಡಿ ತೆಗೆಸಿಬಿಡೋಣ್ವಾ ದೊಡ್ಡಮ್ಮ?" ಎಂದಳು ನನ್ನ ತಂಗಿಯ ಮಗಳು.

"ಇರಲಿ ಬಿಡೆ. ಕುದಿಯೋ ಪಾತ್ರೆಯ ಬೆನ್ನೂ ಕಾಣುತ್ತೆ."

"ನಮ್ಮ ಬೆನ್ನೂ ಕಾಣುತ್ತೆ. ಅದೇ ನನ್ನ ಚಿಂತೆ."

ಈ ಉದ್ಯಮದ ಅರ್ಧಭಾಗ ಈಕೆಯದು. ಫೋನಿನ ಕ್ಯಾಮೆರಾವನ್ನು ಚೀಟಿಯ ಮೇಲೆ ಹಿಡಿದರೆ ನೀಲಿಯ ಪ್ರಮಾಣವನ್ನು ಅಳೆದು, ಮದ್ದನ್ನು ಬಳಸಬಹುದೋ ಬಾರದೋ ಎಂದು ಹೇಳುವ ತಂತ್ರಾಂಶವನ್ನು ಬರೆದಿದ್ದಾಳೆ. ಅದಕ್ಕಾಗಿ ಇದ್ದ ಒಳ್ಳೆಯ ನೌಕರಿಯನ್ನು ಬಿಟ್ಟಳು. ಹಳೆಯ ಕಂಪನಿಯವರು ಮಾರ್ಚ್ ಕಡೆಯವರೆಗೆ ಆಕೆಯ ಜಾಗವನ್ನು ಹಾಗೆಯೇ ಇಟ್ಟಿರುತ್ತಾರಂತೆ. ಹುಡುಗಿ ಚುರುಕು, ಆದರೆ ರಸಾಯನದ ಗಂಧವಿಲ್ಲ. ವಿದ್ಯೆಯ ಭಾಗ ನನ್ನದೇ ಆಗಬೇಕು.

ಗಾಜು, ತಕ್ಕಡಿ, ಕಾವಲಿ, ಎಲ್ಲವನ್ನೂ ಹೊಸದಾಗಿಯೇ ಕೊಂಡೆವು. ಹಳೆಯದೊಂದನ್ನೂ ತರಕೂಡದೆಂದು ನಾನೇ ಹಟ ಹಿಡಿದೆ. ಸಂಶೋಧನಾಲಯದಲ್ಲಿ ನನ್ನ ಪಕ್ಕದ ಮೇಜಿನವರೊಬ್ಬರಿದ್ದರು. ಎಲ್ಲರೂ ಅವರನ್ನು ಎರವಲು ಮಹಾಶಯರೆಂದೇ ಕರೆಯುತ್ತಿದ್ದರು. ನನ್ನ ಚಮಚ, ನನ್ನ ಆಲಿಕೆ, ನನ್ನ ಕಲಕುವ ಅಯಸ್ಕಾಂತ, ಯಾವುದನ್ನೂ ಕೇಳಿ ಒಯ್ದವರಲ್ಲ. ಈ ವಿಷಯವಾಗಿ ಎರಡು ಬಾರಿ ನಾನು ಮೇಲಿನವರಿಗೆ ದೂರು ಕೊಟ್ಟದ್ದೂ ಉಂಟು. ಇನ್ನು ಆ ಕಾಟವಿಲ್ಲ. ಪರರ ಕೈ ಸೋಂಕದ ಪಾತ್ರೆಗಳ ನಡುವೆ ಕುಳಿತು ಇದನ್ನು ಬರೆಯುತ್ತಿರುವೆನೆಂಬುದೇ ಒಂದು ಅನುಗ್ರಹ.

ಜನವರಿ ೨೪

ಔಷಧ ಭಂಡಾರದ ಮುಖ್ಯಸ್ಥೆಯನ್ನು ಕಂಡು ಬಂದೆವು. ಇಡೀ ನಗರದ ಆಸ್ಪತ್ರೆಗಳಿಗೆ ಇನ್ಸುಲಿನ್ ಹೋಗುವುದು ಆ ಭಂಡಾರದಿಂದಲೇ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ನಾನು ತಂದ ಚೀಟಿಯನ್ನು ಬಹಳ ಹೊತ್ತು ನೋಡಿದರು.

"ಇದರಲ್ಲಿ ಭಾರದ ಲೋಹ ಏನಾದ್ರೂ ಇದೆಯಾ? ಆಸ್ಪತ್ರೆಗೆ ಹೋಗೋ ಸಾಮಾನು, ನಾನು ಕೇಳಲೇಬೇಕು."

"ಲವಲೇಶವೂ ಇಲ್ಲ."

"ಅಷ್ಟು ಖಚಿತವಾಗಿ ಹೇಳ್ತೀರಲ್ಲ."

"ಅದನ್ನು ಕಂಡುಹಿಡಿದವಳೇ ನಾನು."

ಏಪ್ರಿಲ್ ಮೊದಲ ವಾರ ಬಿಸಿಲು ಏರುವ ಮುನ್ನ ಚೀಟಿಗಳು ಭಂಡಾರಕ್ಕೆ ಬರಬೇಕು, ಒಂದು ತಿಂಗಳು ಪರೀಕ್ಷಾರ್ಥವಾಗಿ ಬಳಸಿ ನೋಡುವೆವು, ಒಪ್ಪಿಗೆಯಾದರೆ ವರ್ಷಪೂರ್ತಿ ನಿಮ್ಮಿಂದಲೇ ಕೊಳ್ಳುವೆವು, ಇಲ್ಲವಾದರೆ ಬೇರೆಯವರನ್ನು ಹುಡುಕುವೆವು ಎಂದರು. ನಮಗೆ ಬೇರೆ ಗಿರಾಕಿಯಿಲ್ಲ. ಈ ಪರೀಕ್ಷೆಯಲ್ಲಿ ಗೆದ್ದರೆ ಕಂಪನಿ ಉಂಟು. ಸೋತರೆ ಬಾಗಿಲು ಮುಚ್ಚಿ, ಹುಡುಗಿ ಹಳೆಯ ನೌಕರಿಗೆ ಮರಳಬೇಕು.

ಫೆಬ್ರವರಿ ೪

ಹೊಸ ಕೋಣೆಯ ಮೊದಲ ಪಾಕ. ಸಂಜೆಯವರೆಗೂ ತಿಳಿಯಾದ ದ್ರಾವಣ ತಿಳಿಯಾಗಿಯೇ ಉಳಿಯಿತು. ಪುಡಿ ಬೀಳಲಿಲ್ಲ. ಕಾವು ಸಾಲದಾಯಿತೆಂದು ತೋರುತ್ತದೆ.

ಫೆಬ್ರವರಿ ೭

ಇಂದೂ ಇಲ್ಲ.

ಫೆಬ್ರವರಿ ೧೨

ಇಲ್ಲ. ನೀರನ್ನು ಮೂರು ಸಲ ಬಟ್ಟಿಯಿಳಿಸಿದೆ. ಕನ್ನಡಿಗಳಲ್ಲಿ ಎತ್ತ ನೋಡಿದರೂ ಖಾಲಿ ಪಾತ್ರೆಯ ಮುಂದೆ ಕುಳಿತಿರುವ ಒಬ್ಬ ಮುದುಕಿ.

ಫೆಬ್ರವರಿ ೧೬

ತಂಗಿಯ ಮಗಳೊಡನೆ ಮಾತಿಗೆ ಮಾತು ಬೆಳೆಯಿತು. ದ್ರಾವಣಗಳನ್ನು ಅಗ್ಗದ ಕಡೆಯಿಂದ ತರಿಸಿದ್ದಾಳೆಂದು ನಾನು ಆಡಿಬಿಟ್ಟೆ.

"ನೀವು ಬರೆದುಕೊಟ್ಟ ಅಂಗಡಿಯಿಂದಲೇ ತರಿಸಿದ್ದು ದೊಡ್ಡಮ್ಮ. ಬೇಕಾದ್ರೆ ಡಬ್ಬಿ ನೋಡಿ."

ನೋಡಿದೆ. ನಾನು ಹೇಳಿದ ಅಂಗಡಿಯದೇ. ಕ್ಷಮೆ ಕೇಳಬೇಕಾಗಿತ್ತು; ಬದಲಾಗಿ ಡಬ್ಬಿಯ ಮುಚ್ಚಳ ಸಡಿಲವಾಗಿದೆಯೆಂದು ಗೊಣಗಿದೆ. ಅವಳು ಹೋಗಿ ಎರಡು ಲೋಟ ಚಹಾ ತಂದಳು. ಒಂದನ್ನು ನನ್ನ ಮುಂದಿಟ್ಟು, "ಕುಡಿದು ಬೈಯಿರಿ, ಶಕ್ತಿ ಬರುತ್ತೆ" ಎಂದಳು.

ಫೆಬ್ರವರಿ ೨೩

ಹಳೆಯ ಸಂಶೋಧನಾಲಯಕ್ಕೆ ಹೋಗಿ, ನಿರ್ದೇಶಕರ ಅನುಮತಿ ಪಡೆದು, ನನ್ನದಾಗಿದ್ದ ಮೇಜಿನ ಮೇಲೆಯೇ ನನ್ನ ಹಳೆಯ ಪಾತ್ರೆಗಳಲ್ಲಿ ಪಾಕವಿಟ್ಟೆ. ನಮ್ಮ ಕೋಣೆಯಿಂದ ಒಯ್ದ ದ್ರಾವಣಗಳೇ. ಮಧ್ಯಾಹ್ನದೊಳಗೆ ಪಾತ್ರೆಯ ತಳದಲ್ಲಿ ಬೆಳ್ಳನೆಯ ಪುಡಿ ಹಿಮದಂತೆ ಇಳಿಯಿತು. ಕಣ್ಣು ತುಂಬಿ ಬಂತು. ದ್ರಾವಣದಲ್ಲಿ ದೋಷವಿಲ್ಲ, ವಿದ್ಯೆಯಲ್ಲಿ ದೋಷವಿಲ್ಲ. ಹಾಗಾದರೆ ದೋಷವೆಲ್ಲಿ?

ನನ್ನ ಹಳೆಯ ಪಾತ್ರೆಗಳನ್ನು ಯಾರೂ ಬಳಸುತ್ತಿರಲಿಲ್ಲವಾದ್ದರಿಂದ ಕೊಂಡೊಯ್ಯಲು ಒಪ್ಪಿದರು. ಕಲಕುವ ಅಯಸ್ಕಾಂತದೊಡನೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ತಂದೆ.

ಫೆಬ್ರವರಿ ೨೭

ಹಳೆಯ ಪಾತ್ರೆಗಳಲ್ಲಿ ಇಲ್ಲಿಯೂ ಪುಡಿ ಬಿತ್ತು. ಹಳೆಯ ಗಾಜಿಗೇ ಏನೋ ಗುಣವಿರಬೇಕೆಂದು ನಾನು ತರ್ಕಿಸುತ್ತ ಕುಳಿತಿದ್ದಾಗ ತಂಗಿಯ ಮಗಳು ಹೇಳಿದಳು: "ನಮ್ಮ ತಂತ್ರಾಂಶದಲ್ಲಿ ತಪ್ಪು ಬಂದ್ರೆ ನಾವು ಒಂದೊಂದೇ ಸಾಲು ತೆಗೆದು ನೋಡ್ತೀವಿ. ಇಲ್ಲೂ ಒಂದೊಂದೇ ಸಾಮಾನು ಬದಲಾಯಿಸೋಣ."

"ಅದು ನನಗೆ ಗೊತ್ತಿಲ್ವೇನೆ?"

"ಗೊತ್ತಿದೆ. ಆದ್ರೆ ಮಾಡ್ತಿಲ್ಲ."

ಮಾಡಿದೆವು. ಮೊದಲು ಹಳೆಯ ಗಾಜು, ಹೊಸ ಅಯಸ್ಕಾಂತ: ಪುಡಿಯಿಲ್ಲ.

ಮಾರ್ಚ್ ೧

ಹೊಸ ಗಾಜು, ಹಳೆಯ ಅಯಸ್ಕಾಂತ. ಪುಡಿ ಬಿತ್ತು.

ದ್ರಾವಣದ ತಳದಲ್ಲಿ ಗಿರಗಿರನೆ ತಿರುಗುತ್ತ ಕಲಕುವ ಆ ಅಯಸ್ಕಾಂತವು ಬೆರಳಿನ ಒಂದು ಗೆಣ್ಣಿನಷ್ಟಿದೆ; ಮೇಲೊಂದು ಬಿಳಿಯ ಕವಚ. ಬಿಳಿಯೆಂದು ನಾನು ತಿಳಿದಿದ್ದೆ. ಇಂದು ಕಿಟಕಿಯ ಬೆಳಕಿಗೆ ಹಿಡಿದಾಗ ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು, ಗೀರುಗಳಲ್ಲಿ ಕಪ್ಪು ಚುಕ್ಕೆಗಳು ಕೂತಿದ್ದವು. ಚುಕ್ಕೆಯೊಂದನ್ನು ಕೆರೆದು ಪರೀಕ್ಷೆಗೆ ಕಳುಹಿಸಿದ್ದೇನೆ. ಉತ್ತರ ಬರುವ ಮುನ್ನವೇ ಉತ್ತರ ನನಗೆ ಗೊತ್ತಿದೆ. ಪಲ್ಲೇಡಿಯಂ ಲೋಹದಲ್ಲಿಯೇ ಜೀವ ಸವೆಸಿದವರು ನನ್ನ ಪಕ್ಕದ ಮೇಜಿನವರು. ನನ್ನ ಅಯಸ್ಕಾಂತ ಅವರ ಪಾತ್ರೆಯಲ್ಲಿ ತಿರುಗಿ, ಲೋಹವನ್ನು ಗೀರುಗಳಲ್ಲಿ ತುಂಬಿಕೊಂಡು, ಮರಳಿ ನನ್ನ ಪಾತ್ರೆಗೆ ಬಂದಿದೆ.

ಲೋಹದ ಹಂಗಿಲ್ಲದ ನೀಲಿ ಎಂಬುದೊಂದು ಇರಲೇ ಇಲ್ಲ.

ಮಾರ್ಚ್ ೪

ಪಲ್ಲೇಡಿಯಂ ಎಂದೇ ಬಂತು.

ಮಾರ್ಚ್ ೫

ಮನೆಯವರಿಗೆ ಹೇಳಿದೆ. ಅವರು ಎಂದಿನಂತೆ ತಮಾಷೆ ಮಾಡುವರೆಂದುಕೊಂಡಿದ್ದೆ, ಮಾಡಲಿಲ್ಲ.

"ಪುಡಿ ಸುಳ್ಳಾ?"

"ಪುಡಿ ನಿಜ. ಅದು ಹೇಗಾಯ್ತು ಅಂತ ನಾನು ಹೇಳಿದ್ದು ಸುಳ್ಳು."

"ಹಾಗಾದ್ರೆ ಉತ್ತರ ಸರಿ, ದಾರಿ ತಪ್ಪು. ನನ್ನ ಮಕ್ಕಳಿಗೆ ಅದಕ್ಕೆ ಅರ್ಧ ಅಂಕ ಕೊಡ್ತಿದ್ದೆ."

ಪ್ರಬಂಧ ಪ್ರಕಟವಾದ ಪತ್ರಿಕೆಗೆ ತಿದ್ದುಪಡಿಯನ್ನು ಬರೆದು ಕಳುಹಿಸಿದೆ. ಬರೆಯಲು ಕುಳಿತಾಗ ವಾಕ್ಯಗಳು ತೊಡರುವುವೆಂದು ಹೆದರಿದ್ದೆ, ಒಂದೂ ತೊಡರಲಿಲ್ಲ. ಅಯಸ್ಕಾಂತ ಯಾರ ಪಾತ್ರೆಯಲ್ಲಿತ್ತೆಂಬುದನ್ನು ಬರೆಯುವ ಮುನ್ನ ಅವರನ್ನು ಕೇಳಬೇಕೆನಿಸಿ ಅಷ್ಟು ಜಾಗವನ್ನು ಬಿಟ್ಟು, ಹೆಸರು ಮುಂದೆ ತಿಳಿಸುವೆನೆಂದು ಸಂಪಾದಕರಿಗೆ ಸೂಚಿಸಿದೆ.

ಮಾರ್ಚ್ ೭

ಎರವಲು ಮಹಾಶಯರ ಮನೆ ಮೂರನೆಯ ಮಹಡಿಯಲ್ಲಿದೆ. ಬಾಗಿಲು ತೆರೆದವರು ನನ್ನನ್ನು ಕಂಡು ಒಂದು ಕ್ಷಣ ತಬ್ಬಿಬ್ಬಾದರು.

"ಮತ್ತೆ ದೂರು ಕೊಡೋಕೆ ಬಂದ್ರಾ? ನಾನು ಹೋದ ವಾರವೇ ನಿವೃತ್ತ ಆದೆ."

"ದೂರಲ್ಲ. ಕಡ ಕೇಳೋಕೆ ಬಂದೆ."

"ನೀವು?"

ಕುಳಿತ ಮೇಲೆ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟೆ. ಅವರು ಎತ್ತಿ, ಬೆಳಕಿಗೆ ಹಿಡಿದು, ಪರಮ ಆನಂದದಿಂದ, "ಓ, ಇದು ನಿಮ್ಮ ಹತ್ರ ಇತ್ತಾ? ಎಲ್ಲೆಲ್ಲಿ ಹುಡುಕಿದೆ ಗೊತ್ತಾ" ಎಂದರು.

"ಅದು ನನ್ನದು ಸ್ವಾಮಿ. ನೀವು ಕೇಳದೆ ಒಯ್ದಿದ್ದು."

"ತೊಳೆದೇ ಕೊಟ್ಟಿದ್ದೆನಲ್ಲ."

"ಸರಿಯಾಗಿ ತೊಳೆದಿರಲಿಲ್ಲ. ಅದಕ್ಕೇ ಬಂದಿದ್ದು."

ನಡೆದುದನ್ನೆಲ್ಲ ಹೇಳಿದೆ. ಅವರು ಕಣ್ಣೀರು ಬರುವಷ್ಟು ನಕ್ಕು, ಕನ್ನಡಕ ಒರೆಸಿಕೊಂಡು, ಮೆಲ್ಲನೆ ಕೇಳಿದರು: "ಹಾಗಾದ್ರೆ ಆ ಪ್ರಬಂಧ?"

"ತಿದ್ದುಪಡಿ ಕಳಿಸಿದೆ. ನಿಮ್ಮ ಹೆಸರು ಬರೀಬಹುದಾ ಅಂತ ಕೇಳ್ಬೇಕಿತ್ತು."

"ಪಾತ್ರೆ ಸರಿಯಾಗಿ ತೊಳೆಯದವನು ಅಂತ ಬರೀತೀರಾ? ಬರೀರಿ. ಇಷ್ಟು ವರ್ಷದಲ್ಲಿ ನನ್ನಿಂದ ಆದ ದೊಡ್ಡ ಉಪಕಾರ ಅದೇ ಇರಬೇಕು."

ಪುಡಿ ಬೀಳಲು ಲೋಹ ಬೇಕು, ಆದರೆ ಚೀಟಿಯಲ್ಲಿ ಲೋಹ ಉಳಿಯಕೂಡದು. ಇದು ನಾನು ಅವರ ಮುಂದಿಟ್ಟ ಸಮಸ್ಯೆ. ಲೋಹವನ್ನು ಸಣ್ಣ ಗಾಜಿನ ಮಣಿಗಳಿಗೆ ಬಿಗಿಯಾಗಿ ಅಂಟಿಸಿ, ಕೆಲಸ ಮುಗಿದ ಮೇಲೆ ಮಣಿಗಳನ್ನು ಸೋಸಿ ತೆಗೆಯುವ ವಿಧಾನವನ್ನು ಅವರು ಬಹುಕಾಲ ಸಾಧಿಸಿದ್ದರು. ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲವೆಂದು ಅವರಿಗೊಂದು ಕೊರಗಿತ್ತಂತೆ. ಪಕ್ಕದ ಮೇಜಿನಲ್ಲಿ ಅಷ್ಟು ವರ್ಷ ಕುಳಿತಿದ್ದರೂ ಈ ಕೊರಗನ್ನು ನಾನು ಇಂದೇ ಕೇಳಿದ್ದು. ನಾಳೆ ಬರುತ್ತೇನೆಂದಿದ್ದಾರೆ.

ಮಾರ್ಚ್ ೧೪

ಭಂಡಾರದ ಮುಖ್ಯಸ್ಥೆಯೆದುರು ಕುಳಿತು, ಲವಲೇಶವೂ ಲೋಹವಿಲ್ಲವೆಂದು ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡು, ಮಣಿಗಳಿಂದ ಲೋಹವನ್ನು ಸೋಸಿ ತೆಗೆಯುವ ವಿಧಾನವನ್ನು ತಿಳಿಸಿದೆ. ಅವರು ಕಡತವನ್ನು ಮುಚ್ಚಿದರು. ಹುಡುಗಿಯ ಕೈ ಮೇಜಿನ ಕೆಳಗೆ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿತು.

"ಇದನ್ನ ನೀವು ಹೇಳದೆ ಇದ್ದಿದ್ರೆ?"

"ನಿಮಗೆ ಗೊತ್ತಾಗ್ತಿರಲಿಲ್ಲ."

"ಅದೇ ನನಗೆ ಭಯ. ಯಾರ್ಯಾರು ಏನೇನು ಹೇಳದೆ ಬಿಟ್ಟಿದಾರೋ." ಕಡತವನ್ನು ಮತ್ತೆ ತೆರೆದರು. "ಸೋಸಿದ ಮೇಲೆ ಲೋಹ ಉಳಿದಿಲ್ಲ ಅಂತ ಹೊರಗಿನ ಪ್ರಯೋಗಾಲಯದಿಂದ ಬರೆಸಿಕೊಂಡು ಬನ್ನಿ. ನಿಮ್ಮ ಬಾಯಿಮಾತು ಇನ್ನು ಬೇಡ, ಬೇಜಾರಾಗ್ಬೇಡಿ."

ಬೇಜಾರಾಗಲಿಲ್ಲ. ಅವರು ಕೇಳಿದ್ದು ನ್ಯಾಯವಾಗಿಯೇ ಇದೆ.

ಮಾರ್ಚ್ ೩೦

ಪ್ರಯೋಗಾಲಯದ ಉತ್ತರ ಇನ್ನೂ ಬಂದಿಲ್ಲ. ಹುಡುಗಿಯ ಹಳೆಯ ಕಂಪನಿಯ ಗಡುವು ನಾಳೆ. ಹೋಗಿಬಿಡು, ನನ್ನ ತಪ್ಪಿಗೆ ನಿನ್ನ ಬದುಕನ್ನು ಒಡ್ಡಬೇಡವೆಂದು ನಾನೇ ಹೇಳಿದೆ.

"ಬೆಳಗ್ಗೇನೇ ಬರಲ್ಲ ಅಂತ ಬರೆದಾಯ್ತು."

"ನನ್ನ ಕೇಳದೆ?"

"ಮಹಾಶಯರ ಹತ್ರ ಕಲಿತೆ. ಕೇಳದೆ ಕೆಲಸ ಮಾಡೋದು."

ಕನ್ನಡಿಯ ಮುಂದೆ ಮಣಿಗಳನ್ನು ತೊಳೆಯುತ್ತ ಕುಳಿತಿದ್ದ ಮಹಾಶಯರು ತಿರುಗಿ ನೋಡದೆ, "ನನ್ನ ಹೆಸರು ಎಲ್ಲದಕ್ಕೂ ಎಳೀಬೇಡ್ರಮ್ಮ" ಎಂದರು. ಅವರು ಈಗ ಪಾತ್ರೆಯೊಂದನ್ನು ಎಷ್ಟು ಶ್ರದ್ಧೆಯಿಂದ ತೊಳೆಯುತ್ತಾರೆಂದರೆ ನಾವು ಕಾದು ಸುಸ್ತಾಗುತ್ತೇವೆ.

ಏಪ್ರಿಲ್ ೫

ಲೋಹ ಉಳಿದಿಲ್ಲವೆಂದು ಬಂತು. ಚೀಟಿಗಳು ಭಂಡಾರಕ್ಕೆ ಹೋದವು. ನಾವು ಮೂವರೂ ಬಾಗಿಲಲ್ಲಿ ನಿಂತು ಗಾಡಿ ತಿರುವು ದಾಟುವವರೆಗೆ ನೋಡಿದೆವು. ಹುಡುಗಿಗೆ ನಾನು ಆವತ್ತಿನ ಡಬ್ಬಿಯ ಮಾತಿಗೆ ಕ್ಷಮೆ ಕೇಳಿದೆ. ಯಾವ ಡಬ್ಬಿ ಎಂದಳು.

ಏಪ್ರಿಲ್ ೨೧

ಮುಖ್ಯಸ್ಥೆಯ ಫೋನು ಬಂದಾಗ ಇನ್ನೂ ಕೋಣೆಯ ಬಾಗಿಲು ತೆರೆದಿರಲಿಲ್ಲ. ಬೀದಿಯಲ್ಲಿಯೇ ನಿಂತು ಕೇಳಿಸಿಕೊಂಡೆ.

"ನಿಮ್ಮ ಚೀಟಿ ನೀಲಿ ಆಗಿದೆ. ನಮ್ಮ ಶೀತಲ ಕೋಣೆ ಒಳಗೇನೇ. ತಾಪಮಾಪಕ ಎಲ್ಲ ಸರಿ ತೋರಿಸ್ತಿದೆ. ಇಪ್ಪತ್ತು ವರ್ಷದಿಂದ ಅದು ಒಂದು ದಿನ ತಪ್ಪಿಲ್ಲ. ಪರೀಕ್ಷೆ ನಿಲ್ಲಿಸ್ತೀನಿ."

"ಒಂದು ಗಂಟೆ ಕೊಡಿ. ಬರ್ತೀವಿ."

ದಾರಿಯುದ್ದಕ್ಕೂ ನನ್ನದೇ ತಪ್ಪಿರಬೇಕೆಂದು ಯೋಚಿಸುತ್ತಿದ್ದೆ. ಮಣಿಯ ಲೋಹದ ಕಣವೊಂದು ಉಳಿದು ಬಣ್ಣವನ್ನು ಬೇಗ ಕೆರಳಿಸಿತೇ ಎಂದು ಮಹಾಶಯರನ್ನು ಕೇಳಿದೆ. ಹಾಗಿದ್ದರೆ ಕಂಪನಿ ಇವತ್ತಿಗೇ ಮುಗಿಯಿತೆಂದು ಇಬ್ಬರಿಗೂ ಗೊತ್ತಿತ್ತು.

"ಇರಬಹುದು" ಎಂದರವರು. "ಮೊದಲು ನೀಲಿ ಆದದ್ದು ಯಾವ ಪೆಟ್ಟಿಗೆ ಅಂತ ಕೇಳೋಣ."

ಶೀತಲ ಕೋಣೆಯಲ್ಲಿ ಉಸಿರು ಹೊಗೆಯಾಗುತ್ತಿತ್ತು. ಹುಡುಗಿ ಫೋನನ್ನು ಒಂದೊಂದು ಪೆಟ್ಟಿಗೆಯ ಮೇಲೂ ಹಿಡಿಯುತ್ತ ನಡೆದಳು. ಬಾಗಿಲ ಬಳಿಯವೆಲ್ಲ ಬಿಳಿ. ನಡುವಿನ ಕಪಾಟುಗಳೂ ಬಿಳಿ. ನೀಲಿಯಾದವು ಒಳಮೂಲೆಯ ಮೇಲಿನ ಎರಡು ಸಾಲು ಮಾತ್ರ. ಮೂಲೆಗೆ ಹೋದಷ್ಟೂ ಗಾಢ. ಚೀಟಿಯೇ ಕೆಟ್ಟಿದ್ದರೆ ಅದು ಮೂಲೆಯನ್ನು ಹುಡುಕಿಕೊಂಡು ಕೆಡುವುದಿಲ್ಲ.

"ತಾಪಮಾಪಕ ಎಲ್ಲಿದೆ?" ಎಂದು ಕೇಳಿದೆ.

"ಬಾಗಿಲ ಪಕ್ಕ. ತಂಪು ಗಾಳಿ ಬೀಸೋ ಕಿಂಡಿ ಕೆಳಗೆ." ಹೇಳುತ್ತಿದ್ದಂತೆಯೇ ಮುಖ್ಯಸ್ಥೆಯ ದನಿ ಇಳಿಯಿತು.

ಏಣಿ ತರಿಸಿ, ಇನ್ನೊಂದು ತಾಪಮಾಪಕವನ್ನು ಮೂಲೆಯ ಮೇಲುಸಾಲಿನಲ್ಲಿಟ್ಟೆವು. ಎಲ್ಲರೂ ಚಳಿಯಲ್ಲಿ ಕೈಕಟ್ಟಿಕೊಂಡು ಕಾದೆವು. ಅದರ ಅಂಕೆ ಏರಿತು, ನಿಂತಿತೆಂದುಕೊಂಡೆವು, ಮತ್ತೆ ಏರಿತು. ಆ ಗೋಡೆಯ ಆಚೆ ಯಂತ್ರದ ಕೋಣೆಯಿತ್ತು. ಗೋಡೆಯನ್ನು ಮುಟ್ಟಿದೆ. ಬೆಚ್ಚಗಿತ್ತು.

ಮುಖ್ಯಸ್ಥೆ ತಾವೇ ಏಣಿ ಹತ್ತಿ ಆ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದರು. ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಯದನ್ನು ಇಳಿಸಿದ ಮೇಲೆ ನೆಲದ ಮೇಲೆಯೇ ಕುಳಿತುಬಿಟ್ಟರು. "ಇವು ನಾಳೆ ಮಕ್ಕಳ ಆಸ್ಪತ್ರೆಗೆ ಹೋಗಬೇಕಿತ್ತು" ಎಂದಷ್ಟೇ ಹೇಳಿದರು. ಮಹಾಶಯರು ತಮ್ಮ ಶಾಲನ್ನು ತೆಗೆದು ಅವರಿಗೆ ಹೊದಿಸಿದರು.

ಮೇ ೬

ಭಂಡಾರದಿಂದ ವರ್ಷದ ಆದೇಶ ಬಂತು. ಜೊತೆಗೆ ಮುಖ್ಯಸ್ಥೆಯದೇ ಫೋನು: ಪಕ್ಕದ ನಗರದ ಭಂಡಾರದವರೂ ಕೇಳುತ್ತಿದ್ದಾರೆ, ಕಳಿಸಬಲ್ಲಿರಾ ಎಂದು. ಹುಡುಗಿ ಫೋನಿಟ್ಟು ಕೋಣೆಯ ನಡುವೆ ನಿಂತಳು. ಎಲ್ಲ ಕನ್ನಡಿಗಳಲ್ಲೂ ಅವಳ ನಗುವೇ ಕಂಡಿತು. ಇನ್ನೊಂದು ಕೋಣೆ ಬೇಕಾಗುತ್ತದೆ. ಎದುರಿನ ದರ್ಜಿ ಅಂಗಡಿ ಖಾಲಿಯಾಗುತ್ತಿದೆಯೆಂದು ಮಹಾಶಯರು ಆಗಲೇ ವಿಚಾರಿಸಿ ಬಂದಿದ್ದಾರೆ, ಈ ಸಲ ಹುಡುಗಿಯನ್ನು ಕೇಳಿಯೇ ವಿಚಾರಿಸಿದರಂತೆ.

ತಿದ್ದುಪಡಿ ಪತ್ರಿಕೆಯಲ್ಲಿ ಅಚ್ಚಾಗಿ ಬಂದಿದೆ. ಓದಬೇಕು. ಇವತ್ತು ಮಣಿಗಳ ಸರಕು ಬಂದದ್ದರಿಂದ ಹೊತ್ತು ಸಿಗಲಿಲ್ಲ.

ಸಂಜೆ ಎಂದಿನಂತೆ ಬಾಯಿಬಿಟ್ಟು ಹೇಳುತ್ತ ಪ್ರಾರ್ಥನೆಗೆ ಕುಳಿತೆ. ಕಣ್ಣು ತೆರೆದಾಗ ಮನೆಯವರು ಊಟಕ್ಕೆ ತಟ್ಟೆಯಿಟ್ಟುಕೊಂಡು, ತಾಳ್ಮೆಗೆಟ್ಟು, ಎದುರಿಗೆ ಕುಳಿತಿದ್ದರು.

"ಇವತ್ತೇನು ದೇವರ ಮುಂದೆ ಹಾಜರಿ ಕೂಗ್ತಿದ್ದೆಯಾ? ಮಹಾಶಯರು ಬಂದ್ರು, ಭಂಡಾರದಮ್ಮ ಬಂದ್ರು, ಗಾಡಿಯವನೂ ಬಂದ. ಕೊನೆಗೆ ನನ್ನ ಹೆಸರೂ ಬಂತು, ಪುಣ್ಯ."

"ಏನಿಲ್ಲಪ್ಪ, ದಿನಾ ಮಾಡೋ ಪ್ರಾರ್ಥನೆಯನ್ನೇ ಮಾಡಿದ್ದು" ಎಂದೆ.

"ದಿನಾ ಮಾಡೋದು ಚಹಾ ಆರೋದರೊಳಗೆ ಮುಗೀತಿತ್ತು."

ಅವರಿಗೆ ಎಲ್ಲವೂ ಹಾಸ್ಯವೇ. ಅನ್ನ ಆರಿತ್ತು, ಇಬ್ಬರೂ ಹಾಗೆಯೇ ಉಂಡೆವು.